ಕರುವಿನ ಮೂಗಿನ ಎತ್ತರ

ಮೊನ್ನೆ ಸೋಮವಾರದಿಂದ ನನ್ನ ಮೊಮ್ಮಗಳು ಪಲ್ಲವಿ ದನದ ಡಾಕ್ಟರು. ಈ ಸುದ್ದಿ ಹೇಳದೆ ಬಿಟ್ಟ ಮನೆ ನಮ್ಮ ಜೆ.ಪಿ. ನಗರದ ಬೀದಿಯಲ್ಲಿ ಇಲ್ಲ. ತರಕಾರಿ ಗಾಡಿಯವನಿಗೆ ಹೇಳಿದ್ದೇನೆ, ಸಿಲಿಂಡರ್ ತಂದವನಿಗೆ ಹೇಳಿದ್ದೇನೆ, ಎದುರು ಅಪಾರ್ಟ್‌ಮೆಂಟಿನ ವಾಚ್‌ಮನ್ನಿಗೆ ಎರಡು ಸಲ ಹೇಳಿದ್ದೇನೆ. ಎರಡನೇ ಸಲ ಅವನು, "ಅಜ್ಜಿ, ಇನ್ನೊಂದು ಮೈಸೂರ್‌ಪಾಕು ಕೊಡೋದಾದ್ರೆ ಮೂರನೇ ಸಲಾನೂ ಕೇಳ್ತೀನಿ" ಎಂದ. ಕೊಟ್ಟೆ. ಮೂರನೇ ಸಲವೂ ಹೇಳಿದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಇದನ್ನು ಬರೆಯಲು ಕೂರಿಸಿದವಳು ಪಲ್ಲವಿಯೇ. "ಅಜ್ಜಿ, ನಮ್ ಜೂನಿಯರ್ಸ್‌ಗೆ ಬುಕ್ಕಲ್ಲಿರೋದೆಲ್ಲ ಗೊತ್ತು. ಕೊಟ್ಟಿಗೆ ಒಳಗೆ ಹೆಂಗಿರುತ್ತೆ ಅಂತ ನೀನು ಬರಿ" ಎಂದಳು.

"ಒತ್ತಕ್ಷರ ನನಗೆ ಸರಿಯಾಗಿ ಬರಲ್ಲ ಕಣೇ."

"ನಾನ್ ತಿದ್ಕೋತೀನಿ. ನೀನು ಸುಮ್ನೆ ಮಾತಾಡ್ದಂಗೆ ಬರಿ."

ಮಾತಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ, ದನಕರುವಿನ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳೇ, ಓದಿಕೊಳ್ಳಿ. ತಪ್ಪಿದ್ದರೆ ಅದು ಪಲ್ಲವಿ ತಿದ್ದಲು ಮರೆತದ್ದು.

ಬನ್ನೇರುಘಟ್ಟ ರಸ್ತೆಯಿಂದ ಒಳಗೆ, ಅರೆಕೆರೆ ದಾಟಿದ ಮೇಲೆ ಒಂದು ದೊಡ್ಡ ಹಾಲಿನ ಫಾರಂ ಇತ್ತು. ಈಗ ಅಲ್ಲಿ ಲಿಫ್ಟಿರುವ ಮನೆಗಳು ಎದ್ದು ನಿಂತಿವೆ, ಆ ಕಡೆ ಆಟೋದಲ್ಲಿ ಹೋದರೆ ನನಗೇ ಗುರುತು ಸಿಗುವುದಿಲ್ಲ. ಆ ಫಾರಮ್ಮಿನ ಕರು ಕೊಟ್ಟಿಗೆಯಲ್ಲಿ ನಾವು ಐದು ಜನ ಹೆಂಗಸರು ಕೆಲಸಕ್ಕಿದ್ದೆವು. ಬಡ್ತಿ ಗಿಡ್ತಿ ಎಂದು ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಸೇರಿದಾಗಲೂ ನಾನು ಕರು ನೋಡಿಕೊಳ್ಳುವ ನಂಜಮ್ಮ, ಬಿಟ್ಟಾಗಲೂ ಕರು ನೋಡಿಕೊಳ್ಳುವ ನಂಜಮ್ಮ.

ಹುಟ್ಟಿದ ಕರುವಿಗೆ ಬಕೆಟ್ಟಿನಲ್ಲಿ ಹಾಲು ಕುಡಿಯಲು ಬರುವುದಿಲ್ಲ. ಅದು ತಲೆ ಎತ್ತಿ ಮೊಲೆ ಹುಡುಕುತ್ತದೆ, ತಗ್ಗಿಸುವುದು ಅದಕ್ಕೆ ಗೊತ್ತಿಲ್ಲ. ನಮ್ಮ ಬೆರಳನ್ನು ಹಾಲಿಗೆ ಅದ್ದಿ ಬಾಯಿಗೆ ಕೊಡಬೇಕು. ಚೀಪತೊಡಗಿದ ಮೇಲೆ ಕೈಯನ್ನು ಮೆಲ್ಲಗೆ ಕೆಳಗಿಳಿಸುತ್ತಾ ಬಕೆಟ್ಟಿನೊಳಕ್ಕೆ ತರಬೇಕು. ಮೂಗು ಮುಳುಗಿದರೆ ಸೀನಿ ಹಾಲನ್ನೆಲ್ಲ ನಮ್ಮ ಮುಖಕ್ಕೇ ಎರಚುತ್ತದೆ. ಈ ಕೆಲಸದ ಮೊದಲ ಪಾಠ ಅದು. ಮುಖ ಒರೆಸಿಕೊಂಡು ಮತ್ತೆ ಬೆರಳು ಕೊಡುವುದು.

ನಮಗೆಲ್ಲ ಮೇಲಿನವರು ಮೇಸ್ತ್ರಿ ಮುನಿಯಪ್ಪಣ್ಣ. ತಲೆಗೆ ಟವೆಲ್ಲು, ಮಂಡಿಯ ಮೇಲೆ ಎತ್ತಿ ಕಟ್ಟಿದ ಪಂಚೆ, ಬಾಯಲ್ಲಿ ಸದಾ ಒಂದು ಬೈಗುಳ. ಆ ಬೈಗುಳ ಯಾವತ್ತೂ ಕರುವಿಗಲ್ಲ, ನಮಗೇ. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಳಿಗಾಳಿಗೆ ಸಿಕ್ಕಿ ಒಂದು ಕರು ಅವರ ತೊಡೆಯ ಮೇಲೇ ಸತ್ತಿತ್ತಂತೆ. ಅಂದಿನಿಂದ ಗಾಳಿ ಎಂದರೆ ಅವರಿಗೆ ಹಗೆ. ದೀಪಾವಳಿ ಮುಗಿದು ಇಬ್ಬನಿ ಬೀಳತೊಡಗಿತು ಎಂದರೆ ನಮ್ಮೆಲ್ಲರ ಕೈಗೆ ದಬ್ಬಳ ಬರುತ್ತಿತ್ತು. ಬೂಸಾ ಚೀಲ, ಹಿಂಡಿ ಚೀಲಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದು, ಕೊಟ್ಟಿಗೆಯ ಸುತ್ತ ಸೂರಿನಿಂದ ನೆಲದವರೆಗೆ ಪರದೆ ಕಟ್ಟುತ್ತಿದ್ದೆವು. ಒಳಗೆ ಹೋದರೆ ಬೆಚ್ಚಗೆ, ಮಬ್ಬಾಗಿ, ತಾಯಿಯ ಸೆರಗಿನೊಳಗೆ ಹೊಕ್ಕ ಹಾಗೆ ಇರುತ್ತಿತ್ತು. ನೋಡಲು ಬಂದವರೆಲ್ಲ ಹೊಗಳುತ್ತಿದ್ದರು. ಮುನಿಯಪ್ಪಣ್ಣ ಅವತ್ತು ಮಾತ್ರ ನಮಗೆ ಬೈಯುತ್ತಿರಲಿಲ್ಲ.

ಒಂದು ವರ್ಷ ಆ ಪರದೆಯೊಳಗೆ ಕೆಮ್ಮು ಶುರುವಾಯಿತು.

ಮೊದಲು ಬಾಗಿಲ ಬಳಿಯ ಕರು ಕೆಮ್ಮಿತು. ಮುನಿಯಪ್ಪಣ್ಣ ಅದಕ್ಕೆ ಬೇರೆ ಬಕೆಟ್ಟು, ಬೇರೆ ಹಗ್ಗ ಇಟ್ಟರು. ಅದನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಇನ್ನೊಂದನ್ನು ಮುಟ್ಟಬಾರದು ಎಂದರು. ನಾವು ಹಾಗೇ ಮಾಡಿದೆವು. ಆದರೂ ಕೆಮ್ಮು ಹರಡಿತು. ಅದೂ ಪಕ್ಕದ ಕರುವಿಗಲ್ಲ, ಎದುರು ಸಾಲಿನ ಕರುವಿಗೆ! ಒಂದೇ ಬಕೆಟ್ಟಿಲ್ಲ, ಒಂದೇ ಕೈಯಿಲ್ಲ, ಒಂದಕ್ಕೊಂದು ಮೂತಿ ತಾಗುವಷ್ಟು ಹತ್ತಿರವೂ ಇಲ್ಲ. ಮತ್ತೆ ಹೇಗೆ ಹೋಯಿತು? ಹುಷಾರಿಲ್ಲದವನ್ನು ಅದೇ ಕೊಟ್ಟಿಗೆಯ ಇನ್ನೊಂದು ತುದಿಗೆ ಕಟ್ಟಿದೆವು. ಆ ತುದಿಯವೂ ಕೆಮ್ಮಿದವು. ಮೂಗಿನಲ್ಲಿ ಗೊಣ್ಣೆ, ಮೈ ಕಾವು, ಕಿವಿ ಜೋಲು. ಎರಡು ಕರು ಹೋದವು.

ಎರಡನೆಯದು ಹೋದ ದಿನ ಫಾರಮ್ಮಿನ ಮ್ಯಾನೇಜರ್ ಸಾಹೇಬರು ಸ್ಕೂಟರಿನಿಂದ ಇಳಿದವರು ಹೆಲ್ಮೆಟ್ಟು ತೆಗೆಯದೆ ಒಳಗೆ ಬಂದರು.

"ಇನ್ನೊಂದು ಸತ್ರೆ ಈ ಕೊಟ್ಟಿಗೆಗೆ ಬೀಗ. ಇರೋ ಕರುಗಳನ್ನೆಲ್ಲ ಮಾರಿಬಿಡೋದು, ಮುಂದೆ ಹುಟ್ಟಿದ್ದನ್ನೂ ಹುಟ್ಟಿದ ವಾರದಲ್ಲೇ ಮಾರೋದು. ನೀವೆಲ್ಲ ಬೇರೆ ಕಡೆ ಕೆಲಸ ನೋಡ್ಕಳಿ."

"ಸಾರ್, ಹಾಲು ಬಿಡದಿರೋ ಕರು ಮಾರಿದ್ರೆ ಉಳಿಯುತ್ತಾ ಸಾರ್?" ಎಂದೆ.

"ಇಲ್ಲಿದ್ರೆ ಉಳೀತಾ ಇದೆಯೇನಮ್ಮ?" ಎಂದರು.

ಅಷ್ಟರಲ್ಲಿ ನನ್ನ ಹಿಂದೆ ಮಲ್ಲಿ ಕೆಮ್ಮಿದಳು.

ಮಲ್ಲಿ ಕೆಂಚು ಕರು, ಹಣೆಯಲ್ಲಿ ಮಲ್ಲಿಗೆ ಮೊಗ್ಗಿನಂಥ ಬಿಳಿ ಚುಕ್ಕೆ. ಹೆತ್ತ ದಿನವೇ ಅವಳ ತಾಯಿ ಹೋಗಿತ್ತು. ಅವಳಿಗೆ ಗೊತ್ತಿದ್ದ ಮೊಲೆ ಎಂದರೆ ನನ್ನ ಬೆರಳು. ನಾನು ಬಾಗಿಲಿಗೆ ಬಂದರೆ ಸಾಕು, ಬಾಲ ಎತ್ತಿಕೊಂಡು ಕುಣಿಯುತ್ತಿದ್ದಳು. ಆ ವಾರ ಕುಣಿಯುವುದನ್ನು ನಿಲ್ಲಿಸಿದ್ದಳು.

ಆಗ ಬಂದವರು ಸುಮಿತ್ರಾ ಮೇಡಂ. ಹೊಸ ಡಾಕ್ಟರು, ವಿಲ್ಸನ್ ಗಾರ್ಡನ್ನಿನ ಮನೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಚೂಡಿದಾರ, ಕಾಲಿಗೆ ಗಂಡಸರ ರಬ್ಬರ್ ಬೂಟು. ಅವರಿಗಿಂತ ಮುಂಚೆ ಬಂದ ಡಾಕ್ಟರುಗಳೆಲ್ಲ ಬಾಗಿಲಲ್ಲಿ ನಿಂತು "ಯಾವುದು?" ಎಂದು ಕೇಳಿ, ಸೂಜಿ ಚುಚ್ಚಿ ಹೊರಡುವವರು. ಈ ಮೇಡಂ ಸತ್ತ ಕರುವನ್ನು ಮೊದಲು ನೋಡಿದರು. ಅದರ ಶ್ವಾಸಕೋಶದ ಒಂದು ಚೂರನ್ನು ಸೀಸೆಗೆ ಹಾಕಿಕೊಂಡರು. ಆಮೇಲೆ ಕೊಟ್ಟಿಗೆಯೊಳಗೆ ಬಂದು ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದರು, ಮಲ್ಲಿಯ ಪಕ್ಕದಲ್ಲಿ ಮಂಡಿಯೂರಿ ಕೂತುಬಿಟ್ಟರು. ಸಗಣಿಯಲ್ಲೇ! ಕರುವಿನ ಮೂಗಿನ ಪಕ್ಕ ತಮ್ಮ ಮೂಗು ತಂದುಕೊಂಡು, ಮಾತಿಲ್ಲ ಕತೆಯಿಲ್ಲ, ಸುಮ್ಮನೆ ಉಸಿರಾಡುತ್ತಾ ಕೂತರು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನಾನೇ ಕೇಳಿದೆ, "ಮೇಡಂ, ಓಲೆ ಬಿದ್ದೋಯ್ತಾ? ಹುಡುಕ್ಕೊಡ್ಲಾ?"

ಅವರು ಕೈ ಎತ್ತಿ ತಡೆದರು. ಎದ್ದಾಗ ಕಣ್ಣು ಕೆಂಪಗಾಗಿತ್ತು. "ನಂಜಮ್ಮ, ನೀವೂ ಒಂದ್ಸಲ ಇಲ್ಲಿ ಕೂತ್ಕೊಳ್ಳಿ" ಎಂದರು.

ನನ್ನನ್ನು ಫಾರಮ್ಮಿನಲ್ಲಿ ಯಾವ ಆಫೀಸರೂ 'ನೀವು' ಎಂದಿರಲಿಲ್ಲ. ಆ ಸಂತೋಷಕ್ಕೇ ಕೂತೆ. ಕೂತವಳಿಗೆ ಸಂತೋಷ ಹಾರಿಹೋಯಿತು. ನಿಂತಾಗ ಬೆಚ್ಚಗೆ ಹಿತವಾಗಿದ್ದ ಕೊಟ್ಟಿಗೆ ಅಲ್ಲಿ ಕೆಳಗೆ ಬೇರೆಯೇ ಆಗಿತ್ತು. ಗಂಜಲದ ಘಾಟು ಕಣ್ಣಿಗೆ ಈರುಳ್ಳಿ ಹಿಂಡಿದ ಹಾಗೆ ಹೊಡೆಯಿತು, ಗಂಟಲು ಕಟ್ಟಿತು. ಸೆರಗನ್ನು ಮೂಗಿಗೆ ಹಿಡಿದುಕೊಂಡೆ. ಮಲ್ಲಿಗೆ ಹಿಡಿದುಕೊಳ್ಳಲು ಸೆರಗಿರಲಿಲ್ಲ.

"ಇವು ಹಗಲೂ ರಾತ್ರಿ ಉಸಿರಾಡೋದು ಈ ಎತ್ತರದಲ್ಲಿ" ಎಂದರು ಮೇಡಂ. "ಒಂದು ಕೆಮ್ಮಿದ್ರೆ ಸಣ್ಣ ಹನಿ ಗಾಳಿಗೆ ಹಾರುತ್ತೆ. ಅದರೊಳಗೆ ರೋಗದ ಬ್ಯಾಕ್ಟೀರಿಯಾ ಇರುತ್ತೆ. ಪೊರಕೆಯ ಧೂಳಿನ ಮೇಲೂ ಕೂತ್ಕೊಂಡು ತೇಲುತ್ತೆ. ಆಚೆ ಹೋಗೋಕೆ ಎಲ್ಲೂ ದಾರಿ ಇಲ್ಲ. ಇನ್ನೊಂದರ ಮೂಗೇ ದಾರಿ."

ಮುನಿಯಪ್ಪಣ್ಣ ನಿಂತೇ ಇದ್ದರು. "ಮೇಡಮ್ಮೋರೆ, ಗಾಳೀಲಿ ರೋಗ ಬರೋದಾದ್ರೆ ಬೀದಿ ದನಕ್ಕೆಲ್ಲ ಬರಬೇಕಾಗಿತ್ತಲ್ಲ?"

"ಬೀದಿ ದನಕ್ಕೆ ಯಾರೂ ಗೋಣಿ ಪರದೆ ಕಟ್ಟಿಲ್ವಲ್ಲ ಮೇಸ್ತ್ರಿ."

ನಾವು ಕಿಸಕ್ಕನೆ ನಕ್ಕೆವು. ಮುನಿಯಪ್ಪಣ್ಣ ನಗಲಿಲ್ಲ. "ನಾನ್ ಹುಟ್ಟಿದ್ದೇ ಕೊಟ್ಟಿಗೇಲಿ ತಾಯಿ. ಗಾಳಿಗೆ ಸಿಕ್ಕಿ ಸತ್ತಿದ್ದನ್ನ ಈ ತೊಡೆ ಮೇಲೆ ಹಾಕ್ಕೊಂಡು ಕೂತಿದೀನಿ. ಪರದೆ ಬಿಚ್ಚಿ ಅಂತ ಮಾತ್ರ ಹೇಳ್ಬೇಡಿ."

ಈ ಜಾಗದಲ್ಲಿ ಮೇಡಂ ಮಾಡಿದ್ದನ್ನು ನೀವು ಗಮನವಿಟ್ಟು ಓದಬೇಕು ಮಕ್ಕಳೇ. ಅವರು ಡಾಕ್ಟರು, ಇವರು ಮೇಸ್ತ್ರಿ. ಸಾಹೇಬರಿಗೆ ಒಂದು ಮಾತು ಹೇಳಿದ್ದರೆ ಪರದೆ ಅರ್ಧ ಗಂಟೆಯಲ್ಲಿ ಕೆಳಗೆ ಬೀಳುತ್ತಿತ್ತು. ಅವರು ಹಾಗೆ ಮಾಡಲಿಲ್ಲ. "ನೀವು ಕಟ್ಟಿದ್ದು. ನಿಮಗೆ ಸರಿ ಅನಿಸಿದಾಗ ನೀವೇ ಬಿಚ್ಚಿ. ಸರಿ ಅನ್ನಿಸೋ ಹಂಗೆ ತೋರಿಸೋದು ನನ್ನ ಕೆಲಸ" ಎಂದರು.

ಕೆಮ್ಮುವ ಕರುಗಳಿಗೆಲ್ಲ ಅವತ್ತೇ ಇಂಜೆಕ್ಷನ್ ಕೊಟ್ಟು ಹೋದರು. ಮಾರನೇ ದಿನ ಬರುವಾಗ ಅವರ ಚೀಲದಲ್ಲಿ ಮೂರು ಪುಟ್ಟ ಗಾಜಿನ ತಟ್ಟೆಗಳಿದ್ದವು. ಒಳಗೆ ಕೆಂಪಗೆ, ನುಣ್ಣಗೆ ಏನೋ ಹಾಕಿತ್ತು, ಮದುವೆ ಊಟದಲ್ಲಿ ಕೊನೆಗೆ ಕೊಡುವ ಜೆಲ್ಲಿಯ ಹಾಗೆ. ಮೂರನ್ನೂ ಮಲ್ಲಿಯ ಸಾಲಿನಲ್ಲಿ ಬೋರಲು ಹಾಕಿದ ಬಕೆಟ್ಟುಗಳ ಮೇಲೆ ಪಕ್ಕಪಕ್ಕ ಇಟ್ಟು, ಮುಚ್ಚಳ ತೆಗೆದು, "ಹಿಂಗೇ ಇರ್ಲಿ ನಂಜಮ್ಮ, ಆಫೀಸಿಗೆ ಹೋಗಿ ಬರ್ತೀನಿ" ಎಂದು ಹೊರಟರು.

ಅವರು ಅತ್ತ ಹೋದರು, ಇತ್ತ ನಮ್ಮವಳೊಬ್ಬಳು ಕಸ ಗುಡಿಸಲು ಶುರು ಮಾಡಿದಳು. ಧೂಳು ಎದ್ದಿತು. ಅಯ್ಯೋ, ಎಷ್ಟು ಚೆನ್ನಾಗಿರುವ ವಸ್ತು, ಮೇಡಂ ನನ್ನನ್ನು ನಂಬಿ ಬಿಟ್ಟು ಹೋಗಿದ್ದಾರೆ, ಧೂಳು ಬಿದ್ದರೆ ಏನಂದಾರು! ಬೇಗ ಓಡಿಹೋಗಿ ನನ್ನ ಊಟದ ಡಬ್ಬಿಯ ಸ್ಟೀಲು ಮುಚ್ಚಳ ತಂದು ಒಂದರ ಮೇಲೆ ಮುಚ್ಚಿದೆ. ಅಡುಗೆಮನೆಯಲ್ಲಿ ಬೆಳೆದ ಯಾವ ಹೆಂಗಸೇ ಆಗಲಿ, ತೆರೆದಿಟ್ಟ ತಟ್ಟೆ ಕಂಡರೆ ಮುಚ್ಚದೆ ಇರುತ್ತಾಳೆಯೇ?

ಮೇಡಂ ಬಂದು ನೋಡಿದರು. "ಇದೇನಿದು ನಂಜಮ್ಮ?"

"ಧೂಳು ಬೀಳ್ತಿತ್ತು ಮೇಡಂ. ಅದಕ್ಕೇ ಮುಚ್ಚಿದೆ."

"ಧೂಳು ಬೀಳ್ಲಿ ಅಂತಾನೇ ತೆಗ್ದಿಟ್ಟಿದ್ದು! ಮಿಕ್ಕ ಎರಡು ಯಾಕೆ ಮುಚ್ಚಲಿಲ್ಲ?"

"ನನ್ ಡಬ್ಬಿಗೆ ಮುಚ್ಚಳ ಒಂದೇ ಮೇಡಂ."

ಅವರು ನಕ್ಕ ನಗು ಕೇಳಿ ಕರುಗಳೆಲ್ಲ ಕಿವಿ ನಿಗುರಿಸಿದವು. ಕಣ್ಣೊರೆಸಿಕೊಂಡು, "ಸರಿಯಾಯ್ತು ಬಿಡಿ. ಇದನ್ನೂ ಹಂಗೇ ತಗೊಂಡು ಹೋಗ್ತೀನಿ. ಒಂದನ್ನ ಮುಚ್ಚಿಟ್ಟು ಹೋಲಿಸಿ ನೋಡ್ಬೇಕಾಗಿತ್ತು, ನಾನ್ ಮರ್ತಿದ್ದನ್ನ ನಿಮ್ಮ ಡಬ್ಬಿ ಮುಚ್ಚಳ ಮಾಡಿದೆ" ಎಂದರು. ಅವರು ಬೈದಿದ್ದರೆ ನಾನು ಆ ದಿನವೇ ಮರೆಯುತ್ತಿದ್ದೆನೋ ಏನೋ. ನಕ್ಕದ್ದರಿಂದ ಇವತ್ತಿಗೂ ಮರೆತಿಲ್ಲ.

ತಟ್ಟೆಗಳನ್ನು ಲ್ಯಾಬಿನಲ್ಲಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಎರಡು ದಿನ ಬಿಟ್ಟು ತಂದರು. ಮುನಿಯಪ್ಪಣ್ಣನನ್ನೂ ನನ್ನನ್ನೂ ಹೊಂಗೆ ಮರದ ಕೆಳಗೆ ಕರೆದು ಕೂರಿಸಿ ತೋರಿಸಿದರು. ತೆರೆದಿದ್ದ ಎರಡು ತಟ್ಟೆಗಳ ಮೇಲೆ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳು ಎದ್ದಿದ್ದವು. ಬಿಳಿ, ಹಳದಿ, ಬೂದು. ನಾನು ಮುಚ್ಚಿದ್ದ ತಟ್ಟೆಯಲ್ಲಿ ಅಂಚಿನಲ್ಲೆಲ್ಲೋ ಒಂದೆರಡು, ಅಷ್ಟೇ.

"ಒಂದೊಂದು ಚುಕ್ಕೇನೂ ಬೆಳೆದಿರೋ ಬ್ಯಾಕ್ಟೀರಿಯಾ. ಇದರಲ್ಲಿ ಎಲ್ಲಾನೂ ಕೆಟ್ಟದ್ದಲ್ಲ" ಎಂದರು ಮೇಡಂ. "ಆದ್ರೆ ಈ ಬೂದು ಬಣ್ಣದ್ದು ನೋಡಿ ಮೇಸ್ತ್ರಿ. ಸತ್ತ ಕರುವಿನ ಶ್ವಾಸಕೋಶದಲ್ಲಿ ಸಿಕ್ಕಿದ್ದೂ ಇದೇ. ಪರೀಕ್ಷೆ ಮಾಡಿ ನೋಡ್ದೆ."

ಮುನಿಯಪ್ಪಣ್ಣ ತಟ್ಟೆಯನ್ನು ಬೆಳಕಿಗೆ ಹಿಡಿದರು. "ಮೂರನ್ನೂ ಒಂದೇ ಕಡೆ ಇಟ್ಟಿದ್ದಾ?"

"ಪಕ್ಕಪಕ್ಕದಲ್ಲೇ."

"ಯಾರೂ ಮುಟ್ಟಿಲ್ವಾ?"

"ನಂಜಮ್ಮನ ಡಬ್ಬಿ ಮುಚ್ಚಳ ಬಿಟ್ರೆ ಇನ್ನೇನೂ ಇಲ್ಲ. ಬಿದ್ದಿದ್ದೆಲ್ಲ ಗಾಳಿಯಿಂದ."

ಮುನಿಯಪ್ಪಣ್ಣ ಎದ್ದರು. ನೆಟ್ಟಗೆ ಕೊಟ್ಟಿಗೆಗೆ ಹೋದರು. ನಾವು ಹಿಂದೆಯೇ ಹೋಗಿ ನೋಡಿದರೆ, ಪಂಚೆ ಮಡಚಿಕೊಂಡು ಮಲ್ಲಿಯ ಪಕ್ಕದಲ್ಲಿ ಮೆಲ್ಲಗೆ ಮಂಡಿಯೂರುತ್ತಿದ್ದಾರೆ. ನಮ್ಮಿಬ್ಬರಿಗಿಂತಲೂ ಹೆಚ್ಚು ಹೊತ್ತು ಕೂತರು. ಮಲ್ಲಿ ಅವರ ಮುಖದ ಮೇಲೇ ಕೆಮ್ಮಿದಳು. ಅವರು ಮುಖ ತಿರುಗಿಸಲಿಲ್ಲ, ಅವಳ ಕೊರಳು ಸವರಿದರು. ಎದ್ದು ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಗಂಜಲದ ಘಾಟು" ಎಂದರು. ನಾವು ಹೌದೌದು ಎಂದೆವು.

"ಬೆಚ್ಚಗಿರ್ಲಿ ಅಂತ ಕಟ್ಟಿದ್ದು ತಾಯಿ."

"ಗೊತ್ತು ಮೇಸ್ತ್ರಿ. ಬೆಚ್ಚಗಿಡೋದನ್ನ ಬಿಡಬೇಡಿ. ಆ ಶಾಖ ಕೆಳಗಿಂದ ಕೊಡೋಣ. ಮಲಗಿದಾಗ ಕಾಲು ಕಾಣದಷ್ಟು ಒಣ ಹುಲ್ಲು ಹಾಸಿ. ಕರುವಿನ ಎತ್ತರಕ್ಕೆ ಮಾತ್ರ ಗಾಳಿಗೆ ಅಡ್ಡ ಇರಲಿ. ಮೇಲೆ ಪೂರ್ತಿ ಬಿಟ್ಟುಬಿಡಿ."

ಮುನಿಯಪ್ಪಣ್ಣ ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ಎಳೆದು ಹಗ್ಗಕ್ಕೆ ಕೈ ಹಾಕಿದರು. ಕರುಗಳನ್ನೆಲ್ಲ ಹೊಂಗೆ ಮರದ ಕೆಳಗೆ ಹಿಡಿದು ತಂದೆವು. ಹಗ್ಗ ಕಡಿದದ್ದೇ ತಡ, ಚಳಿಗಾಲವೆಲ್ಲ ಕುಡಿದ ಧೂಳನ್ನು ಪರದೆ ಧೊಪ್ಪನೆ ಉಗುಳಿತು. ಬಿಸಿಲ ಕೋಲಿನಲ್ಲಿ ನೋಡಬೇಕಿತ್ತು, ಹಿಟ್ಟಿನ ಗಿರಣಿಯೊಳಗೆ ನಿಂತ ಹಾಗೆ! ಮೇಡಂ ಕೆಮ್ಮುತ್ತಾ ಹೊರಗೆ ಓಡಿಬಂದರು. "ಅಯ್ಯೋ, ಮೊದ್ಲು ನೀರು ಚಿಮುಕಿಸಬೇಕಾಗಿತ್ತು! ಗಾಳಿ ಗಾಳಿ ಅಂತ ನಿಮಗೆಲ್ಲ ಪಾಠ ಮಾಡಿ ನಾನೇ ಮರ್ತೆ ನೋಡಿ" ಎಂದರು. ತಾನು ತಪ್ಪಿದೆ ಎಂದು ಕೂಲಿಯವರ ಮುಂದೆ ನಗುತ್ತಾ ಹೇಳಿದ ಆಫೀಸರನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆಗೆ ಸಾಹೇಬರು ಬಂದರು. ನಾಲ್ಕೂ ಕಡೆ ಬಟ್ಟಬಯಲಾದ ಕೊಟ್ಟಿಗೆ, ಸೊಂಟದುದ್ದದ ಗೋಣಿ ಅಡ್ಡ, ಮಂಡಿವರೆಗೆ ಭತ್ತದ ಹುಲ್ಲು. ಕೆಮ್ಮುವ ಕರುಗಳನ್ನು ಆಚೆಯ ಹಳೇ ಗೋಡೌನಿನ ಚಾವಡಿಗೆ ಸಾಗಿಸಿದ್ದೆವು, ಅಲ್ಲಿಂದ ಗಾಳಿ ಈ ಕಡೆಗೆ ಬೀಸುತ್ತಿರಲಿಲ್ಲ. "ಇಷ್ಟು ಚಳೀಲಿ ಹಿಂಗೆ ಬಿಚ್ಚಿದೀರಾ? ಬೆಳಗ್ಗೆ ಒಂದು ಸತ್ತಿದ್ರೆ ಯಾರ್ರೀ ಜವಾಬ್ದಾರಿ?"

"ನಾನು" ಎಂದರು ಮೇಡಂ.

"ನಾನೂವೆ ಸ್ವಾಮಿ" ಎಂದರು ಮುನಿಯಪ್ಪಣ್ಣ. ಗಾಳಿ ಎಂದರೆ ನಡುಗುತ್ತಿದ್ದವರು!

ಮಾರನೇ ಬೆಳಗ್ಗೆ ಅರೆಕೆರೆ ಕಡೆಯೆಲ್ಲ ಮಂಜು. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಿದೆ. ಮೊದಲು ಚಾವಡಿಗೇ ಹೋದೆ. ಹುಲ್ಲಿನೊಳಗೆ ಬರೀ ಕಿವಿಗಳು ಕಾಣುತ್ತಿದ್ದವು. "ಮಲ್ಲೀ" ಎಂದೆ. ಹುಲ್ಲು ಅಲುಗಿತು, ಕೆಂಚು ಮೂತಿಯೊಂದು ಮೇಲೆ ಬಂತು. ಅದರ ಉಸಿರು ಚಳಿಗೆ ಹಬೆಯಾಗಿ ಎದ್ದಿತು, ಮೇಲಕ್ಕೆ ಹೋಯಿತು, ಸೂರಿನ ಕೆಳಗೆ ಹಾದು ಹೊರಗೆ ಹೋಯಿತು. ಗಾಳಿ ಹೋಗುವ ದಾರಿಯನ್ನು ನಾನು ಕಣ್ಣಾರೆ ಕಂಡದ್ದು ಅವತ್ತು.

ಎಲ್ಲ ಒಂದೇ ದಿನದಲ್ಲಿ ವಾಸಿಯಾಯಿತು ಎಂದು ತಿಳಿಯಬೇಡಿ. ಔಷಧ ನಡೆಯಿತು, ಕೆಮ್ಮು ಮೆಲ್ಲಮೆಲ್ಲಗೆ ಇಳಿಯಿತು. ಒಂದು ಗಂಡು ಕರುವಂತೂ ಇವತ್ತು ಹೋಗುತ್ತದೆ ನಾಳೆ ಹೋಗುತ್ತದೆ ಎಂದು ನಮ್ಮ ಪ್ರಾಣ ಹಿಂಡಿತು. ಸಾಹೇಬರು ದಿನಾ ಬೆಳಗ್ಗೆ ಬಂದು ಕರು ಎಣಿಸಿ ಹೋಗುತ್ತಿದ್ದರು. ಕಡಿಮೆಯಾಗಲಿಲ್ಲ. ಒಂದು ದಿನ ಮಲ್ಲಿ ಹಾಲನ್ನೆಲ್ಲ ಹೀರಿ, ಸಾಲದೆಂದು ಬಕೆಟ್ಟಿಗೆ ತಲೆಯಿಂದ ಗುದ್ದಿ, ಬಾಲ ಎತ್ತಿ ಕುಣಿದಳು. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ. ಸಾಹೇಬರು ಹೊಸ ಬೀಗ ತಂದೇಬಿಟ್ಟಿದ್ದರು. ಅದನ್ನು ಹಿಂಡಿ ಕೋಣೆಗೆ ಹಾಕಿದರು.

ಆಮೇಲೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ನೀರು ಚಿಮುಕಿಸದೆ ಪೊರಕೆ ಹಿಡಿಯುವಂತಿಲ್ಲ. ಒಣಹುಲ್ಲನ್ನು ಕೊಟ್ಟಿಗೆಯೊಳಗೆ ಕೊಡವುವಂತಿಲ್ಲ. ಗಂಜಲ ನಿಲ್ಲದೆ ಹರಿಯುವ ಹಾಗೆ ನೆಲ ಇಳಿಜಾರು ಮಾಡಿಸಿದರು. ನಮಗೂ ಮೂಗಿಗೆ ಬಟ್ಟೆ ಕಟ್ಟಿಸಿದರು. "ಕರು ಉಸಿರಾಡೋ ಗಾಳೀನೇ ನೀವೂ ಉಸಿರಾಡೋದು ಕಣ್ರೇ" ಎನ್ನುತ್ತಿದ್ದರು ಮೇಡಂ. ಪ್ರತಿ ಚಳಿಗಾಲ ನನಗೆ ಬರುತ್ತಿದ್ದ ಒಣಕೆಮ್ಮು ಆ ವರ್ಷದಿಂದ ಹತ್ತಿರ ಸುಳಿಯಲಿಲ್ಲ. ಮುನಿಯಪ್ಪಣ್ಣ ಸಾಯುವವರೆಗೆ, ಕೆಲಸಕ್ಕೆ ಹೊಸಬರು ಯಾರೇ ಬಂದರೂ, "ಮೊದ್ಲು ಅಲ್ಲಿ ಕೂತ್ಕೊಂಡು ಉಸಿರು ಎಳಿ, ಆಮೇಲೆ ಮಾತು" ಎನ್ನುತ್ತಿದ್ದರು. ಮೇಡಂ ವರ್ಗವಾಗಿ ಹೋದ ದಿನ ಮಲ್ಲಿ ಮೊದಲ ಗಬ್ಬದಲ್ಲಿದ್ದಳು. ಅವಳ ಕೊರಳು ತಬ್ಬಿಕೊಂಡು ಅತ್ತು, ನಮಗೆ ಟಾಟಾ ಮಾಡಿ ಬಸ್ಸು ಹತ್ತಿದರು.

ಈ ಕತೆಯನ್ನು ಪಲ್ಲವಿಗೆ ತೊಟ್ಟಿಲಲ್ಲಿದ್ದಾಗಿನಿಂದ ಹೇಳಿದ್ದೇನೆ. ಊಟ ಮಾಡಿಸುವಾಗ ಹೇಳಿದ್ದೇನೆ, ಪರೀಕ್ಷೆಗೆ ಓದುವಾಗ ಹೇಳಿ ಬೈಸಿಕೊಂಡಿದ್ದೇನೆ. ಕಿವಿಗೆ ಹಾಕಿಕೊಂಡಿದ್ದಾಳೋ ಇಲ್ಲವೋ ಗೊತ್ತಿರಲಿಲ್ಲ.

ಸೋಮವಾರ ಆನೇಕಲ್ ಕಡೆಯ ಒಂದು ಡೈರಿ ಫಾರಮ್ಮಿನಲ್ಲಿ ಅವಳ ಮೊದಲ ದಿನ. ನನ್ನ ಸೊಸೆ ಜಯನಗರ ಫೋರ್ತ್ ಬ್ಲಾಕಿನಲ್ಲಿ ಆರಿಸಿ ಆರಿಸಿ ಕೊಡಿಸಿದ ಹೊಸ ಪ್ಯಾಂಟು ಹಾಕಿಕೊಂಡು ಹೋದಳು. ಸಂಜೆ ಬಾಗಿಲು ತೆಗೆದವಳು ಸೊಸೆ. ತೆಗೆದವಳೇ ಕೂಗಿದಳು, "ಅಯ್ಯೋ, ಹೊಸಾ ಪ್ಯಾಂಟು! ಮೊದಲನೇ ದಿನಾನೇ ಎಲ್ಲೇ ಬಿದ್ದೆ?"

"ಬೀಳಲಿಲ್ಲಮ್ಮ."

ನಾನು ಒಳಗಿನಿಂದ ಬಂದು ನೋಡಿದೆ. ಎರಡು ಮಂಡಿಯ ಮೇಲೂ ದುಂಡಗೆ, ಒಣಗಿದ ಸಗಣಿ.

"ಪರದೆ ಕಟ್ಟಿದಾರಾ?" ಎಂದೆ.

"ನೀಲಿ ಟಾರ್ಪಾಲು ಅಜ್ಜಿ. ಮೇಲಿಂದ ಕೆಳಗಿನ ತನಕ. ಕೆಮ್ಮೂ ಇದೆ."

"ಕಿತ್ತಾಕಿಸ್ದ್ಯಾ?"

"ಇಲ್ಲ. ಅಲ್ಲಿ ಕರು ನೋಡ್ಕೊಳ್ಳೋ ಅಣ್ಣನಿಗೆ ಪಕ್ಕದಲ್ಲಿ ಕೂತ್ಕೊಳ್ಳಿ ಅಂದೆ. ಓಲೆ ಕಳ್ಕೊಂಡ್ರಾ ಮೇಡಂ ಅಂದ್ರು!"

"ಕೂತ್ನಾ?"

"ನಾಳೆ ಕೂತ್ಕೋತೀನಿ ಅಂದಿದಾರೆ."

ಸೊಸೆ ಆ ಪ್ಯಾಂಟನ್ನು ಮಿಷನ್ನಿಗೆ ಹಾಕಲು ಹೊರಟಳು. ನಾನು ಕಿತ್ತುಕೊಂಡೆ, ಬೀದಿ ದಾಟಿದೆ, ವಾಚ್‌ಮನ್ನಿನ ಮುಂದೆ ಎರಡೂ ಕೈಯಲ್ಲಿ ಬಿಡಿಸಿ ಹಿಡಿದೆ.

"ಏನಜ್ಜಿ ಇದು, ಸಗಣಿ ಪ್ಯಾಂಟು ತಂದು ತೋರಿಸ್ತಿದೀರಾ?"

"ಕೂತಿದಾಳೆ ಕಣಪ್ಪಾ" ಎಂದೆ. "ಯಾರೂ ಹೇಳ್ದೆನೇ ಮೊದಲನೇ ದಿನಾನೇ ಕೂತಿದಾಳೆ!"